ಒಂದು ಮೂಸ್, ಮೂರು ಚೀಟಿ

ಫಿನ್ಲೆಂಡಿನ ಹಳ್ಳಿ ಆಸ್ಪತ್ರೆಯಲ್ಲಿ ನಿವೃತ್ತ ಶಿಕ್ಷಕಿ ಐಲಿ ತನ್ನ ಸರದಿಗೆ ಕಾಯುತ್ತಿದ್ದಳು. ಎದುರು ಬೆಂಚಿನಲ್ಲಿ ಮೂಸ್ ಎಂಬ ದೈತ್ಯ ಕಾಡುಜಿಂಕೆಗಳ ಬೇಟೆ ತಂಡದ ಮುಖಂಡ ರೈಮೊ, ಪಕ್ಕದಲ್ಲಿ ಊರುಗೋಲು ಹಿಡಿದ ಅವನ ಭಾವ ಓಯಿವ. ರೈಮೊ ಪತ್ರಿಕೆ ಮಡಚಿ ಮಾತು ತೆಗೆದದ್ದು ಐಲಿಗೂ ಕೇಳಿಸಿತು.

“ಈ ವರ್ಷ ದೇಶದಲ್ಲೇ ಮೂಸ್ ಬೇಟೆ ಕಮ್ಮಿಯಂತೆ ಭಾವ. ತೋಳಗಳ ಕಾಟ ಅಂತೆ.”

“ದೇಶದ್ದು ಬಿಡು. ನಮ್ಮ ಕಾಡು ಖಾಲಿ ಮಾಡಿದ್ದು ತೋಳ ಅಲ್ಲ, ನೀನು.”

“ನಾನೇನ್ ಮಾಡ್ದೆ?”

“ಎರಡು ವರ್ಷದ ಹಿಂದೆ ಒಂದೇ ಹೆಣ್ಣು ಮೂಸ್ ನಮ್ಮ ಮೂರು ಜನರ ಮುಂದೆ ಹಾದುಹೋಯ್ತು. ಮೂವರೂ ನಮ್ಮ ನಮ್ಮ ಚೀಟೀಲಿ ಬರ್ಕೊಂಡ್ವಿ. ಕಾಫಿಗೆ ಕೂತಾಗ ತಾಳೆ ನೋಡಿ ಒಂದು ಅಂತ ಮಾಡೋದು ಮುಖಂಡನ ಕೆಲಸ. ನೀನು ಹಬೆಸ್ನಾನದ ಸೌನಾ ಆರೋಗತ್ತೆ ಅಂತ ಮೂರೂ ಚೀಟೀನ ಹಾಗೇ ಪರವಾನಗಿ ಕೊಡೋ ಕಚೇರಿಗೆ ಕಳಿಸ್ಬಿಟ್ಟೆ. ಹಿಂಗೇ ಅವರ ಲೆಕ್ಕದಲ್ಲಿ ಎಲ್ಲಾ ಮೂಸೂ ಮೂರು ಪಟ್ಟು ಆಯ್ತು.”

“ಆ ಲೆಕ್ಕ ನೋಡಿ ಹೋದ್ವರ್ಷ ಬೇಟೆ ಪರವಾನಗಿ ಜಾಸ್ತಿ ಕೊಟ್ಟಾಗ ನೀನೂ ಕುಣಿದೆಯಲ್ಲ.”

“ಕುಣಿದೆ. ಆ ಹೆಣ್ಣು ಮೂಸನ್ನ ಹೊಡೆದೋನೂ ನಾನೇ. ಅದಕ್ಕೇ ಹೊಟ್ಟೆ ಉರೀತಿರೋದು.”

ರೈಮೊ ಜೇಬಿನಿಂದ ಈ ವರ್ಷದ ಚೀಟಿ, ಪೆನ್ನು ತೆಗೆದ.

“ಈ ವರ್ಷ ಕಾಡಲ್ಲಿ ಕಂಡಿದ್ದು ಎಷ್ಟು ಅಂತ ಬರೀಲಿ?”

“ಸೊನ್ನೆ ಅಂತ ಬರಿ. ಬೇಕಾದ್ರೆ ಮೂರು ಸಲ ಬರಿ. ಆವಾಗ್ಲೂ ಸೊನ್ನೇನೇ.”

ನರ್ಸ್ ಓಯಿವನ ಹೆಸರು ಕರೆದಳು. ಎದ್ದ ಭರದಲ್ಲಿ ಅವನ ಊರುಗೋಲು ಜಾರಿಬಿತ್ತು. ರೈಮೊ ಬಗ್ಗಿ ಎತ್ತಿಕೊಟ್ಟ. ಓಯಿವ ಅವನ ಮುಖ ನೋಡದೆ ಅದನ್ನು ಇಸಿದುಕೊಂಡು ಒಳಗೆ ನಡೆದ. ಬೆಂಚಿನ ಮೇಲೆ ಉಳಿದಿದ್ದ ಭಾವನ ಟೋಪಿ ಹಿಡಿದುಕೊಂಡು ರೈಮೊ ಹಿಂದೆಯೇ ಹೋದ.