ಹಾಲಿನಲ್ಲಿ ಎಲೆಕೋಸು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಆಗಲೇ ಗಡಿಯಾರ ನೋಡುತ್ತಿರುವ ಅತಿಥಿಗಳೇ, ಕ್ಯಾನ್ ತೊಳೆದ ಒದ್ದೆ ಕೈಯಲ್ಲೇ ಓಡಿಬಂದಿರುವ ನನ್ನ ಡೇರಿಯ ಬಂಧುಗಳೇ, ಸಭಿಕರೇ,

ಇವತ್ತಿನ ಈ ನಿವೃತ್ತಿಯ ಸನ್ಮಾನ ನನ್ನ ಮೂಗಿಗೆ. ಉಳಿದ ನಾನು ಸುಮ್ಮನೆ ಜೊತೆಗೆ ಬಂದಿದ್ದೇನೆ. ಬಂದ ಕ್ಯಾನಿನ ಮುಚ್ಚಳ ತೆಗೆದು ಹಾಲು ಮೂಸುವುದು, ರುಚಿ ನೋಡುವುದು, ಒಳಗೆ ಬಿಡಬೇಕೋ ವಾಪಸ್ ಕಳಿಸಬೇಕೋ ಹೇಳುವುದು, ಇಷ್ಟೇ ನನ್ನ ಕೆಲಸ. ಇದಕ್ಕಾಗಿ ನಾನು ಬೆಳ್ಳುಳ್ಳಿ ಬಿಟ್ಟೆ. ನಮ್ಮ ಯಜಮಾನರಿಗೂ ಬಿಡಿಸಿದೆ. ಅವರು ಇಲ್ಲಿಗೆ ಬಂದಿಲ್ಲ. ನಾನು ಮನೆಯಲ್ಲಿಲ್ಲ ಎಂದು ಈಗ ಬೆಳ್ಳುಳ್ಳಿ ಹುರಿಯುತ್ತಿರಬೇಕು.

ಹಸು ತಿಂದದ್ದು, ಹಸು ಉಸಿರಾಡಿದ್ದು ಹಾಲಿಗೆ ಬರುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು. ಬರುತ್ತದೆ. ಹೇಗೆ ಎಂಬುದು ನನಗೆ ತಿಳಿದದ್ದು ಹಲವು ವರ್ಷಗಳ ಹಿಂದೆ, ನಮ್ಮಕ್ಕನ ಕೊಟ್ಟಿಗೆಯಲ್ಲಿ.

ಅಕ್ಕನ ಹಾಲಿನಲ್ಲಿ ಎಲೆಕೋಸಿನ ವಾಸನೆ ಬರತೊಡಗಿತ್ತು. ನಾನೇ ವಾಪಸ್ ಕಳಿಸಿದೆ. ಮತ್ತೆ ಬಂತು, ಮತ್ತೆ ಕಳಿಸಿದೆ. ಇನ್ನೊಮ್ಮೆ ಹೀಗಾದರೆ ಅವಳ ಹಾಲನ್ನು ಕೊಳ್ಳುವುದೇ ಇಲ್ಲ ಎಂದರು ಡೇರಿಯವರು. ಲಕ್ವ ಹೊಡೆದು ಭಾವ ಮನೆ ಹಿಡಿದಿದ್ದರು. ಸಂಸಾರ ನಡೆಯುತ್ತಿದ್ದದ್ದು ಆ ಹಾಲಿನಿಂದಲೇ. ನಾನು ರಜೆ ಹಾಕಿ ಹೋದೆ.

"ತಂಗಿಯಾಗಿ ಬಂದಿದೀಯೋ, ಡೇರಿಯಿಂದ ಬಂದಿದೀಯೋ?" ಅಂದಳು ಅಕ್ಕ.

"ಮೂಗು ಇಬ್ಬರಿಗೂ ಒಂದೇ ಅಲ್ವೇನಕ್ಕಾ," ಅಂದೆ.

ಮೊದಲು ಕೊಟ್ಟಿಗೆಯ ಮೇಲೆ ಅನುಮಾನ ಬಂತು. ಚಳಿಗೆಂದು ಸುತ್ತಲೂ ಪ್ಲಾಸ್ಟಿಕ್ ಕಟ್ಟಿದ್ದಳು. ಒಳಗೆ ಗಂಜಲದ ಘಾಟಿಗೆ ಕಣ್ಣು ಉರಿಯುತ್ತಿತ್ತು. ಹಗಲಿರುಳು ಆ ಗಾಳಿಯನ್ನೇ ಕುಡಿದ ಹಸು ಎಂಥ ಹಾಲು ಕೊಟ್ಟೀತು? ಪ್ಲಾಸ್ಟಿಕ್ ಕಿತ್ತೆವು, ನೆಲ ತೊಳೆದೆವು, ಒಣಹುಲ್ಲು ಹಾಸಿದೆವು. ಹಾಲಿನ ಘಾಟು ಹೋಯಿತು, ಎಲೆಕೋಸು ಹೋಗಲಿಲ್ಲ. ಅವಳು ಎಲೆಕೋಸಿನ ಎಲೆ ಹಾಕುತ್ತಿದ್ದದ್ದೇನೋ ನಿಜ. ಆದರೆ ಪಕ್ಕದ ಮನೆಯವರೂ ಅದನ್ನೇ ಹಾಕುತ್ತಿದ್ದರು, ಅವರ ಹಾಲಿನಲ್ಲಿ ವಾಸನೆಯೇ ಇಲ್ಲ. ಯಾಕೆ? ನನಗೆ ಊಟ ಸೇರದಾಯಿತು. ಎರಡೂ ಹಸುಗಳ ಬಾಯಿ ಮೂಸಿದೆ, ಆ ಎಲೆಯನ್ನು ನಾನೇ ಅಗಿದು ನೋಡಿದೆ.

"ಇನ್ನು ಹಸು ಜೊತೆ ಇವಳನ್ನೂ ಕರೀಬೇಕಾಗತ್ತೆ," ಅಂದಳು ಅಕ್ಕ.

ಕೊನೆಗೆ ಎರಡೂ ಕಡೆ ಹಾಲು ಕರೆಯುವಾಗ ಹೋಗಿ ನಿಂತೆ. ಪಕ್ಕದವರು ಕರೆದಾದ ಮೇಲೆ ಎಲೆ ಹಾಕುತ್ತಿದ್ದರು. ಮುಂದಿನ ಸಲ ಕರೆಯುವಷ್ಟರಲ್ಲಿ ಹಸುವಿನ ಮೈಯಿಂದ ವಾಸನೆ ಇಳಿದುಹೋಗುತ್ತಿತ್ತು. ಇಲ್ಲಿ ಮಾತ್ರ ಕರೆಯುವುದಕ್ಕೆ ಬಹಳ ಮುಂಚಿನಿಂದಲೇ ಭಾವ ಸ್ಟೂಲಿನ ಮೇಲೆ ಕುಳಿತು, ಆಡುವ ಒಂದೇ ಕೈಯಿಂದ ಒಂದೊಂದೇ ಎಲೆ ತಿನ್ನಿಸುತ್ತಿದ್ದರು. ಅವರಿದ್ದರೇ ಹಸು ಅಲುಗಾಡದೆ ನಿಲ್ಲುತ್ತಿತ್ತು.

ಅಕ್ಕನನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದೆ. ಅವಳು ಬಕೆಟ್ ಕೆಳಗಿಟ್ಟಳು. "ಕಾಯಿಲೆ ಬಿದ್ದಮೇಲೆ ಅವರು ಮಾಡೋ ಕೆಲಸ ಅದೊಂದೇ ಕಣೇ. ನಿನ್ನ ಡೇರಿಯೋರು ಹಾಲು ಬೇಡ ಅಂದ್ರೆ ಬೇಡ. ಅವರ ಕೈಯಿಂದ ಎಲೆ ಕಿತ್ಕೊಳ್ಳೋದು ನನ್ನಿಂದಾಗಲ್ಲ." ನನಗೆ ಅಳು ಬಂತು. ಕಾರಣ ಹುಡುಕಿದ್ದೇ ತಪ್ಪಾಯಿತೇನೋ ಅನ್ನಿಸಿತು.

ಭಾವನಿಗೆ ಇದು ಕೇಳಿಸಿತ್ತು. ಮರುದಿನ ಎಲೆಯ ಬುಟ್ಟಿಯನ್ನು ಕಾಲಿನಿಂದ ದೂರ ತಳ್ಳಿ ಬರಿಗೈಯಲ್ಲಿ ಕುಳಿತರು. ಹಸು ಕೊಸರಾಡಿತು, ಹಾಲಿಳಿಸಲಿಲ್ಲ. ಆಗ ಭಾವ ಅದರ ಕತ್ತಿನ ಮೇಲೆ ಕೈಯಿಟ್ಟು ಮಾತಾಡತೊಡಗಿದರು. ತೊದಲುತ್ತದೆಂಬ ನಾಚಿಕೆಗೆ ಯಾರೊಡನೆಯೂ ಬಾಯಿ ಬಿಡದಿದ್ದ ಮನುಷ್ಯ! ಡೇರಿಯನ್ನು ಬೈದರು, ನನ್ನನ್ನು "ಮೂಗಿನ ಮಹಾರಾಣಿ" ಅಂದರು. ಹಸು ಸುಮ್ಮನೆ ನಿಂತಿತು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಹಾಲು ಕರೆದಳು.

ಅಂದಿನಿಂದ ಕರೆಯುವಾಗ ಮಾತು, ಕರೆದಾದ ಮೇಲೆ ಎಲೆ. ಹಾಲಿನಿಂದ ಎಲೆಕೋಸಿನ ವಾಸನೆ ಹೋಯಿತು. ಮಾತಿನಿಂದಲೂ ಹಾಲಿಗೆ ರುಚಿ ಬರುತ್ತದೆಯೇ? ಇಷ್ಟು ವರ್ಷ ಹುಡುಕಿದ್ದೇನೆ, ನನ್ನ ನಾಲಿಗೆಗಂತೂ ಸಿಕ್ಕಿಲ್ಲ.

ಮನುಷ್ಯರೊಡನೆ ಮಾತ್ರ ಭಾವ ಮಾತಾಡುತ್ತಿರಲಿಲ್ಲ. ಈಗತಾನೇ ನಾನು ವೇದಿಕೆ ಹತ್ತಲು ಹೊರಟಾಗ, ಮುಂದಿನ ಸಾಲಿನಲ್ಲಿದ್ದ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಇಷ್ಟು ಜನರ ನಡುವೆ, ತೊದಲುತ್ತಲೇ ಕೇಳಿದರು: "ಇವತ್ತು... ಹಾಲು ಹೇಗಿತ್ತು?" ಅಷ್ಟರಲ್ಲಿ ನನ್ನ ಹೆಸರು ಕರೆದರು, ಉತ್ತರ ಹೇಳಲಾಗಲಿಲ್ಲ.

ಚೆನ್ನಾಗಿತ್ತು, ಭಾವ. ನಾಳೆಯಿಂದ ನನಗೆ ಕೆಲಸವಿಲ್ಲ. ಬೆಳಿಗ್ಗೆ ಬಂದು ಹಸುವಿನ ಪಕ್ಕ ಕೂರುತ್ತೇನೆ. ನನ್ನ ಜೊತೆಗೂ ಮಾತಾಡಿ.

ಇಷ್ಟು ಹೊತ್ತು ಕೇಳಿದಿರಿ, ನಿಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.