ಯಾವ ಕಣ್ಣಿಗೆ ನೀಲಿ?

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಅಜ್ಜಿ, ಅವರ ಮೊಮ್ಮಗಳು ಕೂತಿದ್ದರು. ಅಜ್ಜಿಯ ಬಲಗಣ್ಣಿನ ಪೊರೆಯನ್ನು ಹೋದ ತಿಂಗಳೇ ತೆಗೆದಿದ್ದರಂತೆ. ಇವತ್ತು ಎಡಗಣ್ಣಿನ ಸರದಿ. ಮೊಮ್ಮಗಳು ಮುಖ ಊದಿಸಿಕೊಂಡಿದ್ದಳು.

“ಮತ್ತೆ ಬೈದ್ರಾ ನಿಮ್ಮ ಮೇಷ್ಟ್ರು?”

“ಹೂಂ ಅಜ್ಜಿ. ಆರು ತಿಂಗಳು ಲ್ಯಾಬಲ್ಲಿ ಒದ್ದಾಡಿ ನೀಲಿ ಬೆಳಕು ಕೊಡೋ ಹರಳು ಮಾಡಿದೀನಿ. ಅವರು ಹಸಿರು ಅಂತಾರೆ.”

“ಉಂಗುರಕ್ಕೆ ಕೂರಿಸ್ತಾರಲ್ಲ, ಆ ಹರಳಾ?”

“ಅಲ್ಲ, ಕಣ್ಣಿಗೇ ಕಾಣದಷ್ಟು ಸಣ್ಣವು. ಸಣ್ಣಗಿದ್ರೆ ನೀಲಿ, ಒಂದಕ್ಕೊಂದು ಅಂಟಿ ದಪ್ಪ ಆದ್ರೆ ಹಸಿರು. ಅಂಟಬಾರದು ಅಂತ ಒಂದೊಂದರ ಮೈಗೂ ಲಿಗ್ಯಾಂಡ್ ಅನ್ನೋ ಅಣುಗಳನ್ನ ಹೊದಿಸ್ತೀನಿ.”

“ಜಗಳ ಹತ್ಕೋಬಾರದು ಅಂತ ನಿನ್ನ ಇಬ್ಬರು ಅತ್ತೇರ ಮಧ್ಯೆ ನಾನು ಊಟಕ್ಕೆ ಕೂರ್ತೀನಲ್ಲ, ಹಾಗೆ.”

“ಥೇಟ್ ಹಾಗೇ!”

“ಎಲ್ಲಿ, ತೋರ್ಸು.”

ಮೊಮ್ಮಗಳು ಚೀಲದಿಂದ ಪುಟ್ಟ ಸೀಸೆ ತೆಗೆದು, ನೋಟು ಪರೀಕ್ಷಿಸುವಂಥ ನೇರಳೆ ಟಾರ್ಚಿನಿಂದ ಅದಕ್ಕೆ ಬೆಳಕು ಬಿಟ್ಟಳು. ಅಜ್ಜಿ ಬಲಗಣ್ಣು ಮುಚ್ಚಿ ನೋಡಿದರು.

“ಹಸಿರೇ ಕಣೇ.”

“ಅಯ್ಯೋ, ನೀನೂ ಹಾಗೇ ಅಂತೀಯಲ್ಲ!”

“ತಾಳೇ.” ಈಗ ಎಡಗಣ್ಣು ಮುಚ್ಚಿದರು. “ಈ ಕಣ್ಣಿಗೆ ಅಪ್ಪಟ ನೀಲಿ! ನಿಮ್ಮ ಮೇಷ್ಟ್ರಿಗೆ ವಯಸ್ಸೆಷ್ಟು?”

“ಅರವತ್ತನಾಲ್ಕು.”

“ಪೊರೆ ತೆಗೆಸಿದಾರಾ?”

“ಇಲ್ಲ. ಅಳೆಯೋ ಯಂತ್ರ ನೀಲಿ ಅಂದ್ರೆ, ಯಂತ್ರವೇ ಕೆಟ್ಟಿದೆ ಅಂತ...” ಮೊಮ್ಮಗಳು ಮಾತು ಅರ್ಧಕ್ಕೇ ನಿಲ್ಲಿಸಿ ಬಾಯಿ ಮುಚ್ಚಿಕೊಂಡಳು. ನಗುವಿಗೆ ಭುಜ ಕುಣಿಯುತ್ತಿತ್ತು.

ಅಷ್ಟರಲ್ಲಿ ನರ್ಸ್ ಕರೆದರು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು.

“ಬಂದೆ ಸಿಸ್ಟರ್. ಹಾಗೇ ನಾಳೆಗೆ ಇನ್ನೊಂದು ಚೀಟಿ ಬರೀರಿ. ಪಾಪ, ಒಬ್ಬ ಮೇಷ್ಟ್ರಿಗೆ ಹಸಿರು ಮೆಟ್ಕೊಂಡಿದೆ, ಬಿಡಿಸ್ಬೇಕು.”