ತೆರೆಯದ ಫೈಲಿನಲ್ಲಿದ್ದ ಮೂವತ್ತೊಂದು ಹೆಸರು

ಸಭೆಯ ಅಧ್ಯಕ್ಷರಾದ ಓಂಕಾರಪ್ಪ ಸಾರ್ ಅವರೇ, ಆರೋಗ್ಯ ಸೇವಾ ಸಂಘದ ಕಾರ್ಯದರ್ಶಿಗಳೂ ಇಂದಿನ ಮುಖ್ಯ ಅತಿಥಿಗಳೂ ಆದ ಶಿವಪ್ರಸಾದ್ ಸಾರ್ ಅವರೇ, ಬಂಗಾರಪೇಟೆಯ ಈ ಉಚಿತ ಕಂಪ್ಯೂಟರ್ ತರಗತಿಗೆ ಸೇರಿರುವ ಅಕ್ಕತಂಗಿಯರೇ, ಊಟದ ವಾಸನೆ ಬಂದರೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ನನ್ನ ಹೆಸರು ಆದಿಲಕ್ಷ್ಮಿ. ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ ಐದನೇ ತರಗತಿವರೆಗೆ ಓದಿದ್ದೇನೆ. ಉರಿಗಾಂನಲ್ಲಿ ಓಂಕಾರಪ್ಪ ಸಾರ್ ಅವರ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತೇನೆ. ಮೈಕಿನ ಮುಂದೆ ನಿಂತದ್ದು ಇದೇ ಮೊದಲು.

ಕಲಿಯಲು ಬಂದವರಿಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಪತ್ರ ಬರೆಯಲು, ಪಟ್ಟಿ ಮಾಡಲು ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ. ಉಚಿತವಾಗಿ ಸಿಗುವುದು ಸಾಕು. ಉಚಿತ ಎಂದ ಮಾತ್ರಕ್ಕೆ ಅದು ಕೀಳೇ? ಅಲ್ಲ. ಆದರೆ ಅದು ಫೈಲನ್ನು ತನ್ನದೇ ರೀತಿಯಲ್ಲಿ ಉಳಿಸುತ್ತದೆ. ಹೆಸರಿನ ಕೊನೆಗೆ ಒಂದು ಚುಕ್ಕಿ, ಆಮೇಲೆ ಓಡಿಟಿ ಎಂದು ಬರುತ್ತದೆ. ಕೆಲವು ಕಚೇರಿಗಳ ಕಂಪ್ಯೂಟರಿಗೆ ಡಾಕ್ಸ್ ಎಂಬ ಬೇರೆ ರೀತಿಯೇ ಬೇಕು. ಆಗ ‘ಸೇವ್ ಆಸ್’ ಒತ್ತಿ, ಕೆಳಗಿನ ಪಟ್ಟಿಯಲ್ಲಿ ಡಾಕ್ಸ್ ಆರಿಸಿ ಉಳಿಸಬೇಕು. ಕಲಿಯಲು ಒಂದು ನಿಮಿಷ ಸಾಕು. ನಾನು ಕಲಿತದ್ದು ಯಾವಾಗ? ಅದನ್ನು ಹೇಳದೆ ಇಳಿಯಬಾರದು ಎಂದುಕೊಂಡು ಬಂದಿದ್ದೇನೆ.

ಹೋದ ವರ್ಷ ಶಿವಪ್ರಸಾದ್ ಸಾರ್ ಅವರ ಸಂಘ ಚಿನ್ನದ ಗಣಿಯಲ್ಲಿ ದುಡಿದವರ ಶ್ವಾಸಕೋಶ ಪರೀಕ್ಷೆಗೆ ಬೆಂಗಳೂರಿಗೆ ಬಸ್ಸು ಮಾಡಿತ್ತು. ಉರಿಗಾಂನಲ್ಲಿ ನಮ್ಮ ಲೈನಿನ, ಎಂದರೆ ಗಣಿ ಕಾರ್ಮಿಕರ ಮನೆಸಾಲಿನ, ದೊಡ್ಡವೆಂಕಟಪ್ಪ ತಾತ, ಗಣಿಯ ಧೂಳು ಕುಡಿದವರು, ಮನೆಮನೆಗೆ ಕೆಮ್ಮಿಕೊಂಡೇ ಹೋಗಿ ಮೂವತ್ತೊಂದು ಹೆಸರು ನೋಟ್‌ಬುಕ್ಕಿನಲ್ಲಿ ಬರೆದು ತಂದರು. ನಾನು ಟೈಪ್ ಮಾಡುವಾಗ ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದರು.

“ನನ್ನೆಸ್ರು ಪೂರ್ತಿ ಒಡಿ ಕಣಮ್ಮಿ. ಬರೀ ವೆಂಕಟಪ್ಪ ಅಂದ್ರೆ ನಮ್ ಲೈನಾಗೆ ಆರು ಜನ ಅವ್ರೆ. ನನ್ ಕೆಮ್ಮಿಗೆ ಅವ್ರನ್ನ ಕರ್ಕೊಂಡೋಗಿ ಮಲಗಿಸ್ಬುಟ್ಟಾರು.”

ಸಂಘದ ಕಚೇರಿಗೆ ಫೋನ್ ಮಾಡಿದೆ. ಅಲ್ಲಿನ ಸುಕನ್ಯ ಮೇಡಂ, ಡಾಕ್ಸ್‌ನಲ್ಲಿ ಕಳಿಸಿ, ಶುಕ್ರವಾರ ಕೊನೆ ದಿನ ಎಂದರು. ಆಯಿತು ಮೇಡಂ ಎಂದೆ. ಡಾಕ್ಸ್ ಎಂದರೇನು ಎಂದು ಕೇಳಬಹುದಿತ್ತು. ಎಷ್ಟನೇ ಕ್ಲಾಸು ಓದಿದ್ದೀಯ ಎಂದು ಅವರು ತಿರುಗಿ ಕೇಳಿದ್ದರೆ? ಓಂಕಾರಪ್ಪ ಸಾರ್ ಒಳಗೇ ಇದ್ದರು. ಅವರನ್ನೂ ಕೇಳಲಿಲ್ಲ. ಎಲ್ಲ ಬರುತ್ತದೆ ಎಂದು ಹೇಳಿಯೇ ನಾನು ಆ ಕೆಲಸಕ್ಕೆ ಸೇರಿದ್ದೆ.

ಏನು ಮಾಡಿದೆ ಗೊತ್ತೇ? ಬೇರೆಯವರ ಫೈಲುಗಳ ಹೆಸರಿನ ಕೊನೆಗೆ ಆ ಪದ ನೋಡಿದ್ದೆ. ಫೈಲಿನ ಹೆಸರಿನಲ್ಲಿದ್ದ ಓಡಿಟಿ ಅಳಿಸಿ, ಅಲ್ಲಿ ಡಾಕ್ಸ್ ಎಂದು ಬರೆದೆ. ಹೊರಗಿನ ಹೆಸರು ಬದಲಾಯಿತು, ಒಳಗಿನ ಫೈಲು ಹಾಗೆಯೇ ಇತ್ತು. ನಮ್ಮ ಅಂಗಡಿಯ ಉಚಿತ ತಂತ್ರಾಂಶ ಒಳಗಿರುವುದನ್ನು ನೋಡಿ ತೆರೆಯುತ್ತದೆ, ಆದ್ದರಿಂದ ನನ್ನಲ್ಲಿ ಚೆನ್ನಾಗಿಯೇ ತೆರೆಯಿತು. ಎರಡು ಸಲ ನೋಡಿ, ತಾತನಿಗೂ ತೋರಿಸಿ, ಗುರುವಾರವೇ ಇಮೇಲ್ ಕಳಿಸಿದೆ. ಸಂಘದ ಕಂಪ್ಯೂಟರಿನಲ್ಲಿ ಅದು ತೆರೆಯಲಿಲ್ಲ. ಇಮೇಲಿನ ಕೆಳಗೆ ನನ್ನ ಫೋನ್ ನಂಬರು ಇತ್ತು. ಯಾರೂ ಫೋನ್ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೂವತ್ತೊಂದು ಜನ ರಸ್ತೆಯಲ್ಲಿ ನಿಂತಿದ್ದರು. ಬೇತಮಂಗಲದವರನ್ನು ಹತ್ತಿಸಿಕೊಂಡು ಬಸ್ಸು ಬಂತು. ಶಿವಪ್ರಸಾದ್ ಸಾರ್ ಅವರೇ ಇಳಿದು, ಪಟ್ಟಿ ನೋಡಿ, ಅಲ್ಲೇ ನಿಂತಿದ್ದ ನನಗೆ ಹೇಳಿದರು.

“ಲಿಸ್ಟ್‌ನಲ್ಲಿ ಉರಿಗಾಂದವರು ಯಾರೂ ಇಲ್ಲವಲ್ಲಮ್ಮ. ಇಲ್ಲದವರನ್ನು ಹೇಗೆ ಹತ್ತಿಸಲಿ?”

ತಾತ ನೋಟ್‌ಬುಕ್ಕು ಚಾಚಿದರು. ಕೈಬರಹ ನಡೆಯುವುದಿಲ್ಲ ಎಂದಿರಿ ಸಾರ್. ಬಸ್ಸಿನ ಹಿಂದಿನ ಸೀಟುಗಳು ಖಾಲಿ ಇದ್ದವು. ಕಿಟಕಿಯಿಂದ ನಮಗೆಲ್ಲ ಕಾಣುತ್ತಿತ್ತು. ನಿಮಗೆ ಕಾಣಲಿಲ್ಲವೇ? ಮೂವತ್ತೊಂದು ಕೆಮ್ಮು ಎದುರಿಗೇ ಕೇಳುತ್ತಿರುವಾಗ ತೆರೆಯದ ಒಂದು ಫೈಲು ಅಷ್ಟು ದೊಡ್ಡದೇ?

ಬಸ್ಸು ಹೋದ ಮೇಲೆ ನಾನು ಅಳುತ್ತಿದ್ದೆ. ತಾತ ನನ್ನನ್ನೇ ಸಮಾಧಾನ ಮಾಡಿದರು. “ನೀನ್ಯಾಕ್ ಅಳ್ತೀಯಮ್ಮಿ. ಆ ಮಿಷಿನ್ನು ಕೆಟ್ಟೋಗದೆ. ನಿಂದೇನೂ ತಪ್ಪಿಲ್ಲ.”

ಹೌದು ತಾತ, ಮಿಷಿನ್ನೇ ಎಂದೆ. ಒಂದು ವಾರದ ನಂತರ ಓಂಕಾರಪ್ಪ ಸಾರ್ ಫೈಲು ನೋಡಿ ಕಾರಣ ಹೇಳಿಕೊಟ್ಟರು. ತಾತನಿಗೆ ಆಗಲೂ ನಿಜ ಹೇಳಲಿಲ್ಲ. ಆಷಾಢದಲ್ಲಿ ಅವರು ತೀರಿಕೊಂಡರು. ಪರೀಕ್ಷೆಯಾಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ನನಗೆ ತಿಳಿಯದು. ರೋಗದ ಹೆಸರಾದರೂ ತಿಳಿಯುತ್ತಿತ್ತು.

ಈಗ ಇದೇ ವೇದಿಕೆಯಿಂದ ಶಿವಪ್ರಸಾದ್ ಸಾರ್ ಎರಡನೇ ಪರೀಕ್ಷಾ ಶಿಬಿರ ಘೋಷಿಸಿದ್ದಾರೆ. ಪಟ್ಟಿ ಇಮೇಲಿನಲ್ಲಿ ಬರಲಿ ಎಂದಿದ್ದಾರೆ. ಸರಿಯಾಗಿ ಡಾಕ್ಸ್ ಮಾಡಿ ಈಗ ತಾನೇ ಫೋನಿನಿಂದ ಕಳಿಸಿದ್ದೇನೆ. ಶಿಬಿರದ ಸುದ್ದಿ ಮೊದಲೇ ಕಿವಿಗೆ ಬಿದ್ದಿತ್ತು, ಕಾಗದದಲ್ಲೂ ತಂದಿದ್ದೇನೆ. ಇಪ್ಪತ್ತೆಂಟು ಹೆಸರಿವೆ. ತೀರಿಹೋದವರ ಮೂರು ಸಾಲುಗಳನ್ನು, ತಾತನದೂ ಸೇರಿ, ನಾನೇ ಅಳಿಸಿದೆ.

ತಟ್ಟೆಯಲ್ಲಿ ನನಗಾಗಿ ಶಾಲು ಇಟ್ಟಿದ್ದೀರಿ. ಅದು ಅಲ್ಲೇ ಇರಲಿ ಶಿವಪ್ರಸಾದ್ ಸಾರ್. ಈ ಕಾಗದ ತೆಗೆದುಕೊಂಡು, ಒಂದೊಂದೇ ಹೆಸರು ಗಟ್ಟಿಯಾಗಿ ಓದಿ, ಕೆಳಗೆ ‘ತಲುಪಿದೆ’ ಎಂದು ಬರೆದು ಸಹಿ ಹಾಕಿ. ಕೈಬರಹದಲ್ಲೇ ಹಾಕಿ. ಅಲ್ಲಿಯವರೆಗೆ ನಾನು ಮೈಕು ಬಿಡುವುದಿಲ್ಲ.

ಊಟ ತಡ ಮಾಡಿದ್ದಕ್ಕೆ ಕ್ಷಮೆ ಇರಲಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞತೆ, ನಮಸ್ಕಾರ. ಸಾರ್, ಪೆನ್ನು ಇಲ್ಲಿದೆ.